ಗಿಡ್ಡ ಎತ್ತಿನ ಗಣಿತ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಹಳ್ಳಿದಾರಿಯಲ್ಲಿ ನಡೆದು ಹೋಗುವಾಗ, ನಮ್ಮ ಸೊಂಟದೆತ್ತರವನ್ನೂ ಮುಟ್ಟದ ಒಂದು ಜಾತಿಯ ದನ ಎದುರಾಗುವುದುಂಟು. ದನಕರುಗಳನ್ನು ‘ಗಂಟಿ’ ಎಂದು ಕರೆಯುವ ಇಲ್ಲಿನ ಜನರಿಗೆ ಇದು ‘ಊರ ದನ’. ಪುಸ್ತಕಗಳಲ್ಲಿ ಇದರ ಹೆಸರು ಮಲೆನಾಡು ಗಿಡ್ಡ. ಬೆಳೆದ ಹಸುವಿನ ಎತ್ತರ ಸುಮಾರು 90 ಸೆಂಟಿಮೀಟರು, ತೂಕ 100 ಕಿಲೋಗ್ರಾಮಿನ ಆಸುಪಾಸು. ಇಷ್ಟು ಸಣ್ಣ ಪ್ರಾಣಿಯಿಂದ ಏನು ಪ್ರಯೋಜನವೆಂದು ಕೇಳುವವರಿದ್ದಾರೆ. ಭೌತವಿಜ್ಞಾನವು ಇದಕ್ಕೆ ಯಾವ ಉತ್ತರ ಕೊಡುವುದೆಂಬುದನ್ನು ನೋಡೋಣ.

ಮೊದಲು ಬಲದ ಲೆಕ್ಕ. ಎತ್ತು ತನ್ನ ತೂಕದ ಸುಮಾರು ಹತ್ತನೆಯ ಒಂದು ಪಾಲಿನಷ್ಟು ಬಲದಿಂದ ಬಹಳ ಹೊತ್ತು ಎಳೆಯಬಲ್ಲುದು. ಗಿಡ್ಡ ಎತ್ತುಗಳ ಜೋಡಿಯೊಂದು 250 ಕಿಲೋಗ್ರಾಂ ತೂಗಿದರೆ ಎಳೆತ ಸುಮಾರು 250 ನ್ಯೂಟನ್. ಸೆಕೆಂಡಿಗೆ 0.8 ಮೀಟರಿನಂತೆ ನಡೆದರೆ ಸಾಮರ್ಥ್ಯ 200 ವಾಟ್. ಒಂದು ಅಶ್ವಶಕ್ತಿ ಎಂದರೆ 746 ವಾಟ್. ಆದ್ದರಿಂದ ನಮ್ಮ ಜೋಡಿಯದು ಕಾಲು ಅಶ್ವಶಕ್ತಿಗಿಂತ ತುಸು ಹೆಚ್ಚು. ಹತ್ತು ಅಶ್ವಶಕ್ತಿಯ ಟಿಲ್ಲರಿನ ಮುಂದೆ ಇದು ನಿಲ್ಲಲಾರದು. ಗದ್ದೆಗೆ ಟಿಲ್ಲರು ಇಳಿಯಿತು, ನೇಗಿಲು ಅಟ್ಟ ಸೇರಿತು. ಹಟ್ಟಿಗೆ ಹೆಚ್ಚು ಹಾಲಿನ ಮಿಶ್ರತಳಿ ಬಂದಿತು.

ಆದರೆ ಬಲವೊಂದೇ ಅಳತೆಯೆ? ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಮುಖ್ಯ ವಿಷಯವನ್ನು ವಿವರಿಸಿದನು. ಆಕಾರ ಬದಲಾಗದೆ ಉದ್ದ, ಅಗಲ, ಎತ್ತರಗಳು ಇಮ್ಮಡಿಯಾದರೆ ಮೇಲ್ಮೈ ನಾಲ್ಕು ಪಟ್ಟಾಗುವುದು, ತೂಕವಾದರೋ ಎಂಟು ಪಟ್ಟಾಗುವುದು. ನೂರು ಕಿಲೋಗ್ರಾಮಿನ ಗಿಡ್ಡದ ಪಕ್ಕದಲ್ಲಿ ಎಂಟುನೂರು ಕಿಲೋಗ್ರಾಮಿನ ಹೋಲ್‌ಸ್ಟೈನ್ ಹೋರಿಯನ್ನು ಕಲ್ಪಿಸಿಕೊಳ್ಳಿರಿ. ಎರಡರ ಆಕಾರವೂ ಒಂದೇ ಎಂದಿಟ್ಟುಕೊಂಡರೆ, ಹೋರಿಯ ಗೊರಸುಗಳ ಹರವು ನಾಲ್ಕು ಪಟ್ಟು, ಅವು ಹೊರುವ ಭಾರ ಎಂಟು ಪಟ್ಟು. ಹೀಗಾಗಿ ನೆಲದ ಮೇಲಿನ ಒತ್ತಡ ಇಮ್ಮಡಿ. ಆಷಾಢದ ಕೆಸರಿನಲ್ಲಿ ಯಾವುದು ಹೂಳುವುದೆಂದು ಹೇಳಬೇಕಾಗಿಲ್ಲ. ವಂಡಾರು ಕಂಬಳದ ಕೋಣಗಳೂ ಭಾರವಲ್ಲವೆ ಎಂದು ನೀವು ಕೇಳಬಹುದು. ಹೌದು, ಆದರೆ ಕೋಣದ ಗೊರಸು ಬಹಳ ಅಗಲ.

ಇನ್ನು ಶಾಖದ ವಿಚಾರ. ವಿಶ್ರಾಂತಿಯಲ್ಲಿರುವ ಗಿಡ್ಡದ ಮೈಯಿಂದ ಹೊರಡುವ ಶಾಖ ಸುಮಾರು 100 ವಾಟ್, ಹಳೆಯ ಕಾಲದ ಒಂದು ವಿದ್ಯುದ್ದೀಪದಷ್ಟು. ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ತೋರಿಸಿಕೊಟ್ಟ ನಿಯಮದಂತೆ, ಎಂಟು ಪಟ್ಟು ತೂಗುವ ಪ್ರಾಣಿಯ ಶಾಖ ಸುಮಾರು 4.8 ಪಟ್ಟು, ಅದನ್ನು ಹೊರಬಿಡುವ ಚರ್ಮ ನಾಲ್ಕೇ ಪಟ್ಟು. ವ್ಯತ್ಯಾಸ ಅಲ್ಪವೆನಿಸಬಹುದು. ಆದರೆ ಬೆವರು ಬೇಗನೆ ಆರದ ಕರಾವಳಿಯ ಸೆಕೆಯಲ್ಲಿ, ಹೆಚ್ಚು ಹಾಲಿಗಾಗಿ ಹೆಚ್ಚು ಮೇವನ್ನು ಅರಗಿಸಬೇಕಾದ ದೊಡ್ಡ ಹಸುವಿಗೆ ಅದು ಕಷ್ಟವೇ ಸರಿ. ಗಿಡ್ಡವಾದರೋ ಹಾಡಿ, ಗುಡ್ಡಗಳಲ್ಲಿ ಮೇದು ಬಂದು, ದಿನಕ್ಕೆ ಒಂದೆರಡು ಲೀಟರು ಹಾಲನ್ನೂ ಗದ್ದೆಗೆ ಗೊಬ್ಬರವನ್ನೂ ಕೊಡುತ್ತದೆ. ದೊಡ್ಡ ಹಸುವಿಗೆ ಸಾಲುವಷ್ಟು ಬೈಹುಲ್ಲಿಲ್ಲದ ಮನೆಯೂ ಇದನ್ನು ಸಾಕಬಲ್ಲುದು.

ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ಮಲೆನಾಡು ಗಿಡ್ಡವನ್ನು ಪ್ರತ್ಯೇಕ ತಳಿಯೆಂದು ದಾಖಲಿಸಿದೆ. ಆದರೆ ತಳಿ ಉಳಿಯಬೇಕಾದುದು ದಾಖಲೆಯಲ್ಲಲ್ಲ, ಹಟ್ಟಿಯಲ್ಲಿ. ಕೆಟ್ಟ ಟಿಲ್ಲರಿಗೆ ಬದಲು ಇನ್ನೊಂದನ್ನು ಕೊಳ್ಳಬಹುದು. ಈ ಮಳೆಗೂ ಈ ಗುಡ್ಡಕ್ಕೂ ತಲೆತಲಾಂತರದಿಂದ ಒಗ್ಗಿಕೊಂಡ ತಳಿಯೊಂದು ಅಳಿದರೆ ಅದನ್ನು ಕೊಳ್ಳುವ ಅಂಗಡಿಯಿಲ್ಲ.

ವಿದ್ಯಾರ್ಥಿಗಳು ಒಂದು ಅಳತೆಪಟ್ಟಿಯನ್ನು ಹಿಡಿದು ನೆರೆಯ ಹಟ್ಟಿಗೆ ಹೋಗಿ ನೋಡಬಹುದು. ದನದ ಎದೆಯ ಸುತ್ತಳತೆಯ ವರ್ಗವನ್ನು, ಭುಜದ ತುದಿಯಿಂದ ಹಿಂದಿನ ಪಿರ್ರೆಯ ಮೂಳೆಯವರೆಗಿನ ಉದ್ದದಿಂದ ಗುಣಿಸಿ 10,800ರಿಂದ ಭಾಗಿಸಿರಿ. ಅಳತೆಗಳು ಸೆಂಟಿಮೀಟರಿನಲ್ಲಿದ್ದರೆ ಉತ್ತರವು ಕಿಲೋಗ್ರಾಮಿನಲ್ಲಿ ದೊರೆಯುವ ಅಂದಾಜು ತೂಕ. ಸುತ್ತಳತೆ 110, ಉದ್ದ 95 ಆದರೆ ತೂಕ ಸುಮಾರು 106. ಬಳಿಕ ಕೆಸರಿನಲ್ಲಿ ಮೂಡಿದ ಗೊರಸಿನ ಗುರುತನ್ನು ಚೌಕಳಿ ಕಾಗದದ ಮೇಲೆ ಬರೆದು ಅದರ ಹರವನ್ನು ಎಣಿಸಿರಿ. ಮಿಶ್ರತಳಿಯ ದನಕ್ಕೂ ಹೀಗೆಯೇ ಮಾಡಿರಿ. ಎರಡರ ಒತ್ತಡವನ್ನು ಹೋಲಿಸಿ ನೋಡಿದಾಗ, ಗಿಡ್ಡದ ಪ್ರಯೋಜನವೇನೆಂಬ ಪ್ರಶ್ನೆಗೆ ನಿಮ್ಮದೇ ಉತ್ತರ ದೊರೆಯುವುದು.