ಪಕ್ಷಿರಾಜಪುರದಿಂದ ಸುಡಾನಿಗೆ

ಹನಗೋಡು ಕಡೆಯವರೇ,
ನಮ್ಮ ಹುಣಸೂರು ತಾಲ್ಲೂಕಿನವರು
ಸುಡಾನಿಗೆ ಯಾಕೆ ಹೋಗಿದ್ರು ಗೊತ್ತಾ?

ಗಿಡಮೂಲಿಕೆ ಎಣ್ಣೆ ಮಾರೋಕೆ!
ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ.
ಆಫ್ರಿಕಾದಲ್ಲಿ ಊರೂರು ಸುತ್ತಿ ವ್ಯಾಪಾರ.

2023ರ ಏಪ್ರಿಲ್.
ಅಲ್ಲಿ ಯುದ್ಧ ಶುರು.
ಹೊರಗೆ ಗುಂಡು,
ಒಳಗೆ ಅನ್ನ-ನೀರಿಗೂ ಪರದಾಟ.
ಕೊನೆಗೆ ಭಾರತ ಸರ್ಕಾರದ ‘ಆಪರೇಷನ್ ಕಾವೇರಿ’.
ಹಡಗು, ವಿಮಾನ ಕಳಿಸಿ ಕರ್ಕೊಂಡು ಬಂದ್ರು.

ಯುದ್ಧ ಬಿಡಿ, ಪರದೇಶದಲ್ಲಿ ಕಾಯಿಲೆ ಬಿದ್ರೆ?
ಕಂಪನಿ ಕೆಲಸ ಆದ್ರೆ
ಆಸ್ಪತ್ರೆ ಖರ್ಚು ಕಂಪನೀನ ಕೇಳಬಹುದು.
ಸ್ವಂತ ವ್ಯಾಪಾರಕ್ಕೆ ಹೋದವರು
ಯಾರನ್ನ ಕೇಳೋದು?

ವಿಮೆ ಇಲ್ಲದ ಪರದೇಶ ಅಂದ್ರೆ,
ನಾಗರಹೊಳೆ ಅಂಚಲ್ಲಿ
ಬೇಲಿ ಇಲ್ಲದ ರಾಗಿ ಹೊಲ.
ಆನೆ ಹೇಳಿ ಬರುತ್ತಾ?

ದುಬೈ ಕೆಲಸ ಸಿಕ್ಕಿದವರೂ ಕೇಳಿ.
ಕಂಪನಿ ವಿಮೆ ನಿಮಗೆ ಮಾತ್ರ ಇರಬಹುದು.
ಹೆಂಡ್ತಿ ಮಕ್ಕಳದ್ದು ನಿಮ್ಮ ಜೇಬಿಂದ!
ಸಹಿ ಹಾಕೋ ಮುಂಚೆ ಕೇಳಿ, ಬರೆಸ್ಕೊಳ್ಳಿ.

ಆಫ್ರಿಕಾಕ್ಕೆ ಹೊರಟ್ರಾ?
ಅಲ್ಲಿನ ಹಲವು ದೇಶಕ್ಕೆ ಹಳದಿ ಜ್ವರದ ಲಸಿಕೆ ಬೇಕು,
10 ದಿನ ಮೊದಲೇ ಹಾಕಿಸ್ಕೊಳ್ಳಿ.
ಲಸಿಕೆ ಹಾಕಿದಾಗ ಕೊಡೋ ಹಳದಿ ಕಾರ್ಡು
ಪಾಸ್‌ಪೋರ್ಟ್ ಜೊತೆಗೇ ಇರ್ಲಿ.