ಎರಡೆಸಳಿನ ಕವಾಟ ಮತ್ತು ಆಯುಸ್ಸಿನ ಲೆಕ್ಕ

ನೌಕರಿಗೆಂದೋ ವಿಮೆಗೆಂದೋ ತಪಾಸಣೆಗೆ ಹೋದಾಗ ವೈದ್ಯರು ಸ್ಟೆತಸ್ಕೋಪನ್ನು ಎದೆಯ ಮೇಲಿಟ್ಟು ತುಸು ಹೆಚ್ಚು ಹೊತ್ತು ಆಲಿಸುತ್ತಾರೆ. ‘ಒಂದು ಎಕೋ ಮಾಡಿಸಿಬಿಡಿ’ ಎನ್ನುತ್ತಾರೆ. ವರದಿಯಲ್ಲಿ ‘ಬೈಕಸ್ಪಿಡ್ ಅಯೋರ್ಟಿಕ್ ವಾಲ್ವ್’ ಎಂಬ ಸಾಲು. ಅಲ್ಲಿಗೆ ಮನೆಮಂದಿಯ ನಿದ್ದೆ ಕೆಟ್ಟಿತು.

ಹೃದಯದಿಂದ ಮಹಾಪಧಮನಿಗೆ ರಕ್ತ ಹೊರಡುವ ಬಾಗಿಲಿಗೆ ಮೂರು ಎಸಳುಗಳಿರಬೇಕು. ನೂರಕ್ಕೆ ಒಬ್ಬಿಬ್ಬರಿಗೆ, ಅದರಲ್ಲೂ ಹೆಚ್ಚಾಗಿ ಗಂಡಸರಿಗೆ, ಹುಟ್ಟಿನಿಂದಲೇ ಎರಡೆಸಳು. ಲಿಯೊನಾರ್ಡೊ ಡ ವಿಂಚಿಯ ರೇಖಾಚಿತ್ರಗಳಲ್ಲೇ ಇಂಥ ಕವಾಟ ಕಾಣಿಸಿಕೊಂಡಿದೆ.

ಬಾಯಿಬಿಟ್ಟು ಕೇಳಲಾಗದ ಪ್ರಶ್ನೆ ಒಂದೇ: ಎಷ್ಟು ವರ್ಷ? 2008ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಇದಕ್ಕೆ ಸಮಾಧಾನದ ಉತ್ತರ ನೀಡಿದವು. ಕೆನಡಾದ ಟೊರಾಂಟೊದಲ್ಲಿ ಸರಾಸರಿ 35 ವರ್ಷದ 642 ಮಂದಿಯನ್ನು ಸುಮಾರು ಒಂಬತ್ತು ವರ್ಷ ಗಮನಿಸಲಾಯಿತು. ಹತ್ತು ವರ್ಷ ಬದುಕುಳಿಯುವವರ ಪ್ರಮಾಣ ಶೇ 96. ಅಮೆರಿಕದ ಮಿನೆಸೋಟದಲ್ಲಿ, ಕವಾಟ ಇನ್ನೂ ಹೆಚ್ಚು ಕೆಡದ, ರೋಗಲಕ್ಷಣಗಳಿಲ್ಲದ 212 ಮಂದಿಯಲ್ಲಿ ಇಪ್ಪತ್ತು ವರ್ಷಗಳ ಲೆಕ್ಕ ಶೇ 90. ಎರಡೂ ಕಡೆ, ಅಲ್ಲಿನ ಸಾಮಾನ್ಯ ಜನರಿಗಿಂತ ಇವರ ಆಯುಸ್ಸು ಕಡಿಮೆಯೆಂದು ಕಂಡುಬರಲಿಲ್ಲ.

ಆದರೆ ಈ ಅಂಕಿಗಳನ್ನು ಅರ್ಧಕ್ಕೇ ಓದಿ ಮಡಿಸಿಡುವಂತಿಲ್ಲ. ಮಿನೆಸೋಟದ ಅದೇ ಗುಂಪಿನಲ್ಲಿ ಇಪ್ಪತ್ತು ವರ್ಷಗಳೊಳಗೆ ನಾಲ್ವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ ಹೃದಯದ ಅಥವಾ ರಕ್ತನಾಳದ ಶಸ್ತ್ರಚಿಕಿತ್ಸೆ ಬೇಕಾಯಿತು. ಅಂದರೆ ಆ ದೀರ್ಘಾಯುಷ್ಯದಲ್ಲಿ ಸಕಾಲದ ಚಿಕಿತ್ಸೆಯ ಪಾಲೂ ಸೇರಿದೆ. ಎರಡೆಸಳಿನ ಕವಾಟ ಬೇಗ ಸುಣ್ಣಗಟ್ಟಿ ಕಿರಿದಾಗಬಹುದು, ಸೋರಬಹುದು. ಪಕ್ಕದ ಮಹಾಪಧಮನಿಯೂ ಸದ್ದಿಲ್ಲದೆ ಹಿಗ್ಗಬಹುದು. ಅದರ ಅಗಲ 5.5 ಸೆಂಟಿಮೀಟರ್ ತಲುಪಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗೆ ಸಲಹೆ ಮಾಡುತ್ತಾರೆ. ಹಿಗ್ಗುವಾಗ ನೋವಿರುವುದಿಲ್ಲ. ಅಳೆದರಷ್ಟೇ ಗೊತ್ತಾಗುವುದು.

ನಮ್ಮಲ್ಲಿ ಎಡವುವುದು ಇಲ್ಲೇ. ಮೊದಲ ವರ್ಷ ಊಟ, ನಿದ್ದೆ ಬಿಟ್ಟು ಚಿಂತಿಸಿದವರು ಮೂರನೆಯ ವರ್ಷ ಎಕೋ ಮಾಡಿಸುವುದನ್ನೇ ಮರೆಯುತ್ತಾರೆ. ಮದುವೆಯ ಮಾತುಕತೆ ನಡೆಯುತ್ತಿದ್ದರಂತೂ ವರದಿ ಬೀರುವಿನ ತಳ ಸೇರುತ್ತದೆ. ಮುಚ್ಚಿಟ್ಟ ವರದಿಯಿಂದ ತೊಂದರೆ ಆ ಒಬ್ಬರಿಗಷ್ಟೇ ಅಲ್ಲ. ರೋಗಿಯ ಹತ್ತಿರದ ರಕ್ತಸಂಬಂಧಿಗಳಲ್ಲಿ ಹತ್ತರಲ್ಲಿ ಸುಮಾರು ಒಬ್ಬರಿಗೆ ಇದೇ ದೋಷವಿರಬಹುದು.

ಕವಾಟ ಬದಲಿಸಬೇಕಾಗಿ ಬಂದರೂ ಕಂಗೆಡಬೇಕಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ಸ್ವದೇಶಿ ಕವಾಟವನ್ನು 1990ರಿಂದಲೂ ರೋಗಿಗಳಿಗೆ ಅಳವಡಿಸಲಾಗಿದೆ. ಲೋಹದ ಕವಾಟ ಬಾಳಿಕೆ ಬರುತ್ತದೆ, ಆದರೆ ಜೀವನಪರ್ಯಂತ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗಬೇಕು. ಜೈವಿಕ ಕವಾಟಕ್ಕೆ ಆ ಕಾಟ ಕಡಿಮೆ, ಸವೆತ ಹೆಚ್ಚು. ಇನ್ನು ಹಲ್ಲು, ಒಸಡುಗಳ ಶುಚಿತ್ವವನ್ನು ಹಗುರವಾಗಿ ಕಾಣಬಾರದು. ಅಲ್ಲಿಂದ ರಕ್ತ ಸೇರುವ ಸೂಕ್ಷ್ಮಾಣುಗಳು ಇಂಥ ಕವಾಟದಲ್ಲಿ ನೆಲೆಯೂರಬಲ್ಲವು.

ಎಕೋಗೆ ಸೂಜಿಯಿಲ್ಲ, ನೋವಿಲ್ಲ. ಹೋಗುವಾಗ ಹಳೆಯ ವರದಿಗಳನ್ನೂ ಒಯ್ಯಿರಿ. ಹಿಂದಿನ ಅಳತೆ ಕೈಯಲ್ಲಿದ್ದರೆ ತಾನೆ ವೈದ್ಯರು ಈ ಸಲದ ಅಳತೆಯನ್ನು ಹೋಲಿಸುವುದು? ಜೊತೆಗೆ ಒಡಹುಟ್ಟಿದವರನ್ನೂ ಕರೆದೊಯ್ಯಿರಿ.