ಮಿರ್ಜಾ ಇಸ್ಮಾಯಿಲ್

ಸರ್ ಮಿರ್ಜಾ ಮಹಮ್ಮದ್ ಇಸ್ಮಾಯಿಲ್ (ಅಕ್ಟೋಬರ್ ೨೪, ೧೮೮೩ – ಜನವರಿ ೫, ೧೯೫೯) ಮೈಸೂರು ಸಂಸ್ಥಾನದ ದಿವಾನರು. ೧೯೨೬ರಿಂದ ೧೯೪೧ರವರೆಗೆ ಆ ಹುದ್ದೆಯಲ್ಲಿದ್ದ ಇವರು ಮುಂದೆ ಜೈಪುರ ಮತ್ತು ಹೈದರಾಬಾದ್ ಸಂಸ್ಥಾನಗಳ ಪ್ರಧಾನಮಂತ್ರಿಗಳಾಗಿದ್ದರು.

ಹಿನ್ನೆಲೆ

ಇವರ ತಾತ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್‌ನಿಂದ ಬೆಂಗಳೂರಿಗೆ ಬಂದು ನೆಲೆಸಿದ ಕುದುರೆ ವ್ಯಾಪಾರಿ. ನಗರದ ಅಲಿ ಅಸ್ಕರ್ ರಸ್ತೆಗೆ ಅವರದೇ ಹೆಸರಿದೆ. ಬೆಂಗಳೂರಿನಲ್ಲಿ ಜನಿಸಿದ ಮಿರ್ಜಾ, ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿದ್ದರು. ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಸಂಸ್ಥಾನದ ಸೇವೆಗೆ ಸೇರಿ, ಮಹಾರಾಜರ ಆಪ್ತ ಕಾರ್ಯದರ್ಶಿಯಾದರು. ಅಲ್ಬಿಯನ್ ಬ್ಯಾನರ್ಜಿಯವರ ತರುವಾಯ ದಿವಾನಗಿರಿ ಇವರಿಗೆ ಒಲಿಯಿತು. ಬಹುಸಂಖ್ಯಾತ ಹಿಂದೂ ಪ್ರಜೆಗಳಿದ್ದ ಸಂಸ್ಥಾನದಲ್ಲಿ ಹಿಂದೂ ಅರಸನೊಬ್ಬನು ತನ್ನ ಬಾಲ್ಯದ ಗೆಳೆಯನಾದ ಮುಸಲ್ಮಾನನಿಗೆ ಆಡಳಿತವನ್ನು ಒಪ್ಪಿಸಿದ್ದು ಇವರ ರಾಜಕೀಯ ಜೀವನದ ಬಲವೂ ಹೌದು, ತೊಡಕೂ ಹೌದು.

ಸುಲ್ತಾನ್‌ಪೇಟೆ ಗಣಪತಿ ಪ್ರಕರಣ

ಆ ತೊಡಕು ೧೯೨೮ರಲ್ಲಿಯೇ ಪ್ರಕಟವಾಯಿತು. ಬೆಂಗಳೂರಿನ ಹಳೆಯ ಪೇಟೆಗೆ ಸೇರಿದ ಸುಲ್ತಾನ್‌ಪೇಟೆಯ ಸರ್ಕಾರಿ ಶಾಲೆಯ ಆವರಣದಲ್ಲಿದ್ದ ಗಣಪತಿ ವಿಗ್ರಹದ ಪೂಜೆಯ ಕುರಿತು ವಿವಾದವೆದ್ದಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಬಂಧನಗಳಾದವು, ಕಡೆಗೆ ಹಿಂದೂ–ಮುಸ್ಲಿಂ ಘರ್ಷಣೆಯೂ ನಡೆಯಿತು. ದಿವಾನರು ಮುಸಲ್ಮಾನರೆಂಬುದೇ ಅನುಮಾನಕ್ಕೆ ಸಾಕಷ್ಟು ಕಾರಣವಾಯಿತು. ಸರ್ಕಾರವು ಮಾಜಿ ದಿವಾನ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಪ್ರಕರಣವನ್ನು ಕೇವಲ ಮತೀಯ ಗಲಭೆಯೆಂದು ಪರಿಗಣಿಸಿದರೆ ಅದರ ಅರ್ಧ ಮಾತ್ರ ತಿಳಿದಂತಾಗುತ್ತದೆ. ಆಗ ಪ್ರಜಾಪ್ರತಿನಿಧಿ ಸಭೆಯಿದ್ದರೂ ಅದರ ಅಧ್ಯಕ್ಷರು ದಿವಾನರೇ. ಸಭೆಗೆ ಅವರು ಹೊಣೆಗಾರರಾಗಿರಲಿಲ್ಲ. ಸರ್ಕಾರ ಯಾರಿಗೆ ಉತ್ತರಿಸಬೇಕೆಂಬ ಪ್ರಶ್ನೆ ಇದರ ಹಿಂದಿತ್ತು.

ನಿರ್ಮಾಣ ಕಾರ್ಯಗಳು

ನಗರ ಸೌಂದರ್ಯವನ್ನು ಮಿರ್ಜಾ ಆಡಳಿತದ ಭಾಗವೆಂದೇ ಭಾವಿಸಿದ್ದರು. ಕೃಷ್ಣರಾಜಸಾಗರದ ಬೃಂದಾವನ ಉದ್ಯಾನ ಇವರ ಕಾಲದ್ದು. ಬೆಂಗಳೂರಿನ ಪುರಭವನವೂ ವಾಣಿವಿಲಾಸ ಆಸ್ಪತ್ರೆಯೂ ೧೯೩೫ರಲ್ಲಿ ಆರಂಭವಾದವು. ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದ ಕಾರ್ಖಾನೆ, ಮಲ್ಲೇಶ್ವರದ ಬಳಿಯ ಮೈಸೂರು ಲ್ಯಾಂಪ್ಸ್ ಇವರ ಅವಧಿಯಲ್ಲಿ ಸ್ಥಾಪನೆಗೊಂಡವು. ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯು ಬೆಂಗಳೂರಿಗೆ ಬಂದಿತು.

ಜವಾಬ್ದಾರಿ ಸರ್ಕಾರದ ಪ್ರಶ್ನೆ

ದುಂಡುಮೇಜಿನ ಪರಿಷತ್ತುಗಳಲ್ಲಿ ಮಿರ್ಜಾ ಸಂಸ್ಥಾನಗಳನ್ನೂ ಒಳಗೊಂಡ ಒಕ್ಕೂಟ ಭಾರತವನ್ನು ಬೆಂಬಲಿಸಿದರು. ಆದರೆ ಸಂಸ್ಥಾನದೊಳಗೆ ಅಧಿಕಾರವನ್ನು ಜನಪ್ರತಿನಿಧಿಗಳಿಗೆ ವರ್ಗಾಯಿಸುವ ವಿಷಯದಲ್ಲಿ ಇವರದು ಮಂದಗತಿ. ೧೯೩೮ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ ೨೫ರಂದು ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದರು. ಮಡಿದವರ ಸಂಖ್ಯೆಯಲ್ಲಿ ಸರ್ಕಾರಿ ಲೆಕ್ಕಕ್ಕೂ ಚಳವಳಿಗಾರರ ಲೆಕ್ಕಕ್ಕೂ ಹೊಂದಾಣಿಕೆಯಿಲ್ಲ. ಬಳಿಕ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಮೈಸೂರಿಗೆ ಬಂದು ಮಾತುಕತೆ ನಡೆಸಿದರು. ಮಿರ್ಜಾ–ಪಟೇಲ್ ಒಪ್ಪಂದದಂತೆ ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ದೊರೆಯಿತು. ಸಂಸ್ಥಾನದ ಧ್ವಜದೊಡನೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅವಕಾಶವಾಯಿತು. ಜವಾಬ್ದಾರಿ ಸರ್ಕಾರ ಮಾತ್ರ ಬಂದದ್ದು ೧೯೪೭ರ ಅಕ್ಟೋಬರ್‌ನಲ್ಲಿ, ಮಿರ್ಜಾ ಮೈಸೂರನ್ನು ಬಿಟ್ಟು ಆರು ವರ್ಷಗಳಾದ ಮೇಲೆ.

ಕೊನೆಯ ವರ್ಷಗಳು

ನಾಲ್ವಡಿಯವರು ೧೯೪೦ರಲ್ಲಿ ನಿಧನರಾದರು. ಹೊಸ ಮಹಾರಾಜ ಜಯಚಾಮರಾಜ ಒಡೆಯರೊಡನೆ ಭಿನ್ನಾಭಿಪ್ರಾಯ ಮೂಡಿ, ಮರುವರ್ಷ ಮಿರ್ಜಾ ರಾಜೀನಾಮೆ ನೀಡಿದರು. ಜೈಪುರದ ಮಿರ್ಜಾ ಇಸ್ಮಾಯಿಲ್ ರಸ್ತೆ ಅಲ್ಲಿನ ಇವರ ಸೇವೆಯ ಗುರುತು. ೧೯೪೬ರಲ್ಲಿ ಹೈದರಾಬಾದಿಗೆ ಹೋದಾಗ ಇವರನ್ನು ವಿರೋಧಿಸಿದವರು ಜಿನ್ನಾ ಮತ್ತು ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯವರು. ಭಾರತದೊಂದಿಗೆ ಹೊಂದಿಕೊಂಡು ನಡೆಯುವುದೇ ಲೇಸೆಂಬ ಇವರ ನಿಲುವು ಅಲ್ಲಿ ಸಲ್ಲಲಿಲ್ಲ. ಒಂದು ವರ್ಷ ತುಂಬುವ ಮೊದಲೇ ಹೊರನಡೆದರು. ದೇಶವಿಭಜನೆಯನ್ನು ಇವರು ಒಪ್ಪಿರಲಿಲ್ಲ. ೧೯೫೪ರಲ್ಲಿ ಇಂಗ್ಲಿಷಿನಲ್ಲಿ ‘ಮೈ ಪಬ್ಲಿಕ್ ಲೈಫ್’ ಎಂಬ ಆತ್ಮಕಥನವನ್ನು ಪ್ರಕಟಿಸಿದರು. ಬೆಂಗಳೂರಿನಲ್ಲಿಯೇ ನಿಧನರಾದರು.